ಪಡಸಾಲೆಯ ಸದ್ದು

ಮಸರಕಲ್ಲಿನ ನಮ್ಮ ಮನೆ ಹಳೆಯ ಮಣ್ಣಿನ ಮಾಳಿಗೆಯದು. ದಪ್ಪ ಗೋಡೆಗಳು, ನಡುವೆ ಪಡಸಾಲೆ, ಹಿಂಬದಿಗೆ ಅಡುಗೆಮನೆ, ಅದರ ನೆತ್ತಿಗೊಂದು ಗವಾಕ್ಷಿ. ಬಂದವರ ಸತ್ಕಾರ, ಮನೆಮಂದಿಯ ಮಾತುಕತೆ, ರಾತ್ರಿಯ ಊಟ ಎಲ್ಲವೂ ಹಿರಿಯರ ಕಾಲದಿಂದ ಆ ಪಡಸಾಲೆಯಲ್ಲಿಯೇ ನಡೆದುಬಂದಿವೆ. ಅದರ ಒಂದು ಮೂಲೆಯಲ್ಲಿ ಈಗ ನಮ್ಮ ಮಗನ ಕಂಪ್ಯೂಟರು ಇದೆ. ದೇವದುರ್ಗ, ಮಾನ್ವಿ ಕಡೆಯ ಮದುವೆ, ಜಾತ್ರೆ, ಗೃಹಪ್ರವೇಶಗಳ ವಿಡಿಯೋಗಳನ್ನು ಜೋಡಿಸಿ ಸಿದ್ಧಪಡಿಸುವುದು ಅವನ ಕಾಯಕ. ಇನ್ವರ್ಟರಿನ ತಂತಿ ಪಡಸಾಲೆಯವರೆಗೆ ಮಾತ್ರ ಬಂದಿರುವುದರಿಂದ ಆ ಯಂತ್ರಕ್ಕೆ ಬೇರೆ ಸ್ಥಳವಿರಲಿಲ್ಲ.

ಆ ಯಂತ್ರದೊಳಗೆ ಚಿತ್ರಗಳ ಲೆಕ್ಕವನ್ನು ನೋಡಿಕೊಳ್ಳುವ ಗ್ರಾಫಿಕ್ಸ್ ಕಾರ್ಡು ಎಂಬ ಭಾಗವೊಂದಿದೆ. ಅದರ ಮೇಲೆ ಕಂಪನಿಯವರೇ ಕೂಡಿಸಿದ ಅಂಗೈಯಗಲದ ಫ್ಯಾನು. ಹೊಸದರಲ್ಲಿ ಅದರ ಸದ್ದು ಸಣ್ಣದಾಗಿಯೇ ಇತ್ತು. ಆದರೆ ನಮ್ಮದು ಎರೆಮಣ್ಣಿನ ಸೀಮೆ. ಹತ್ತಿ ಬಿಡಿಸುವ ಕಾಲಕ್ಕೆ ಗಾಳಿಯಲ್ಲಿ ನಯವಾದ ಎಳೆಗಳು ತೇಲಾಡುತ್ತವೆ. ಧೂಳೂ ಹತ್ತಿಯೂ ಸೇರಿ ಕಾರ್ಡಿನ ಸಂದುಗಳಲ್ಲಿ ಕೂತವು. ಗಾಳಿಯ ದಾರಿ ಕಟ್ಟಿದಷ್ಟೂ ಫ್ಯಾನು ಹೆಚ್ಚು ವೇಗವಾಗಿ ತಿರುಗಿತು. ತಿರುಗಿದಷ್ಟೂ ಅದರ ಬೇರಿಂಗು ಸವೆಯಿತು. ಎರಡು ವರ್ಷಗಳಲ್ಲಿ ಆ ಸದ್ದು ದೂರದ ಹಿಟ್ಟಿನ ಗಿರಣಿಯಂತೆ ಹಗಲಿರುಳೂ ಮನೆಯನ್ನು ತುಂಬಿತು. ನಾವು ಅದಕ್ಕೆ ಒಗ್ಗಿಹೋದೆವು.

ಒಗ್ಗದವರು ನಮ್ಮ ತಾಯಿಯವರು. ಎಂಬತ್ತರ ಸಮೀಪದ ಅವರಿಗೆ ಶ್ರವಣಯಂತ್ರ ಹಾಕಿಸಿ ಕೆಲವು ವರ್ಷಗಳಾಗಿದ್ದವು. ದಿನಗಳೆದಂತೆ ಅವರು ಪಡಸಾಲೆಗೆ ಬರುವುದನ್ನು ಕಡಿಮೆ ಮಾಡಿದರು. ಊಟದ ತಾಟನ್ನು ಅಡುಗೆಮನೆಗೆ ಒಯ್ದು ಒಬ್ಬರೇ ಉಣ್ಣತೊಡಗಿದರು. ನಾವು ಏನಾದರೂ ಕೇಳಿದರೆ ನಗುತ್ತಾ ತಲೆಯಾಡಿಸುತ್ತಿದ್ದರೇ ಹೊರತು ಉತ್ತರಿಸುತ್ತಿರಲಿಲ್ಲ. ವಯಸ್ಸಾಯಿತು, ಮಾತು ಬೇಡವಾಗಿದೆ ಎಂದು ನಾವು ತಿಳಿದೆವು. ಈ ತಿಳಿವಳಿಕೆ ಎಷ್ಟು ತಪ್ಪಾಗಿತ್ತೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

2022ರ ದೀಪಾವಳಿಯ ನಂತರದ ಒಂದು ರಾತ್ರಿ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿಯೂ ಬರಿದಾಗಿ ಕಂಪ್ಯೂಟರು ನಿಂತಿತು. ದೀಪದ ಬೆಳಕಿನಲ್ಲಿ ಹತ್ತನೆಯ ತರಗತಿಯ ಮಗಳು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಡುಗೆಮನೆಯಿಂದ ತಾಯಿಯವರು ಎದ್ದು ಬಂದು ಅವಳ ಪಕ್ಕದಲ್ಲಿ ಕೂತರು. ಓದಿದ್ದನ್ನು ಕೇಳಿ, ನಡುನಡುವೆ ಪ್ರಶ್ನೆ ಹಾಕಿ, ತಮ್ಮ ಬಾಲ್ಯದ ಮಾತೊಂದನ್ನು ಹೇಳಿ ನಕ್ಕರು. ನಾವೆಲ್ಲರೂ ಬೆರಗಾದೆವು. ಕರೆಂಟು ಬಂದು ಕಂಪ್ಯೂಟರಿನ ಸದ್ದು ಮೊದಲಾದೊಡನೆ ಅವರು ಕಿವಿಯ ಮೇಲೆ ಕೈಯಿಟ್ಟುಕೊಂಡು ಮೆಲ್ಲನೆ ಎದ್ದು ಹೋದರು.

ಶ್ರವಣಯಂತ್ರವು ಬೇಕಾದ ದನಿಯನ್ನು ಹಿಗ್ಗಿಸುವಂತೆ ಬೇಡದ ಸದ್ದನ್ನೂ ಹಿಗ್ಗಿಸುತ್ತದೆ. ನಮ್ಮ ಕಿವಿ ಮರೆತುಬಿಟ್ಟಿದ್ದ ಆ ಗುಂಯ್‌ಗುಟ್ಟುವಿಕೆ ಅವರ ಕಿವಿಯಲ್ಲಿ ನಮ್ಮೆಲ್ಲರ ಮಾತನ್ನೂ ಮುಳುಗಿಸುತ್ತಿತ್ತು. ಅವರು ಮೌನವಾಗಿರಲಿಲ್ಲ, ನಾವು ಅವರನ್ನು ಮೌನಕ್ಕೆ ದೂಡಿದ್ದೆವು.

ಮಗನಿಗೆ ಇದನ್ನು ಹೇಳಿದೆವು. ಅವನು ಒಂದು ವಾರ ವಿಚಾರಿಸಿ, ಫ್ಯಾನೇ ಇಲ್ಲದ ದೊಡ್ಡ ಹೀಟ್‌ಸಿಂಕೊಂದನ್ನು ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚಿನಾಯ್ ಟ್ರೇಡ್ ಸೆಂಟರಿನಿಂದ ತಂದ. ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ಸಾಲು; ಅವುಗಳನ್ನು ಹಾಯ್ದು ಹೋಗುವ ತಾಮ್ರದ ಕೊಳವೆಗಳು. ಈ ಕೊಳವೆಗಳೊಳಗೆ ತುಸು ದ್ರವವಿರುತ್ತದೆ. ಬಿಸಿಯ ತುದಿಯಲ್ಲಿ ಅದು ಆವಿಯಾಗಿ ತಂಪಿನ ತುದಿಗೆ ಹರಿದು, ಅಲ್ಲಿ ಮರಳಿ ದ್ರವವಾಗಿ, ಒಳಮೈಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬವರು ರೂಪಿಸಿದ ಈ ಕೊಳವೆಯನ್ನು ಬಾಹ್ಯಾಕಾಶ ನೌಕೆಗಳಲ್ಲಿಯೂ ಬಳಸಲಾಗುತ್ತದೆಯೆಂದು ಮಗನಿಂದ ತಿಳಿದೆವು.

2023ರ ಜನವರಿಯ ಒಂದು ಭಾನುವಾರ ಕೆಲಸಕ್ಕೆ ತೊಡಗಿದ. ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ, ಚಿಪ್ಪಿನ ಮೇಲಿನ ಹಳೆಯ ಪೇಸ್ಟು ಮೆತ್ತಗಾದ ಮೇಲೆ ನಿಲ್ಲಿಸಿ, ಪ್ಲಗ್ಗು ಕಿತ್ತ. ಮೈಯಲ್ಲಿನ ಸ್ಥಿರವಿದ್ಯುತ್ತು ಕಾರ್ಡನ್ನು ಕೆಡಿಸದಿರಲೆಂದು ತಗಡಿನ ಕ್ಯಾಬಿನೆಟ್ಟನ್ನು ಮುಟ್ಟಿ, ಕಾರ್ಡಿನ ಬೆನ್ನಿನ ನಾಲ್ಕು ಸ್ಕ್ರೂ ಬಿಚ್ಚಿದ. ಹಳೆಯ ಫ್ಯಾನಿನ ಭಾಗವನ್ನು ಎಳೆಯದೆ, ತುಸು ತಿರುವಿ ಬಿಡಿಸಿದ. ಚಿಪ್ಪನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟು ಇಟ್ಟ. ಸುತ್ತಲಿನ ಮೆಮೊರಿ ಚಿಪ್ಪುಗಳಿಗೂ ವಿದ್ಯುತ್ ಭಾಗಗಳಿಗೂ ಪುಟ್ಟ ಲೋಹದ ತುಣುಕುಗಳನ್ನು ಅಂಟಿಸಿದ. ಹಳೆಯ ಫ್ಯಾನಿನ ಗಾಳಿ ಅವನ್ನೂ ತಣಿಸುತ್ತಿತ್ತಲ್ಲವೇ? ಕೊನೆಗೆ ಹೀಟ್‌ಸಿಂಕನ್ನು ಕೂಡಿಸಿ, ಒಂದು ಮೂಲೆಯ ನಂತರ ಅದರ ಎದುರು ಮೂಲೆಯಂತೆ ಸ್ಕ್ರೂಗಳನ್ನು ಸಮನಾಗಿ ಬಿಗಿದ.

ಯಂತ್ರ ನಡೆಯುತ್ತಿದೆಯೋ ಇಲ್ಲವೋ ಎಂಬಷ್ಟು ನಿಶ್ಶಬ್ದ. ಹಿಂದೆ 70 ಡಿಗ್ರಿಯಷ್ಟಿರುತ್ತಿದ್ದ ಕಾರ್ಡಿನ ಉಷ್ಣತೆ ಚಳಿಗಾಲದ ಆ ರಾತ್ರಿ 72ರಲ್ಲಿ ನಿಂತಿತು. ಅಂದಿನಿಂದ ಮೂರು ತಿಂಗಳು ತಾಯಿಯವರು ಪಡಸಾಲೆಯಲ್ಲಿ ನಮ್ಮೊಡನೆ ಉಂಡರು.

ಆದರೆ ರಾಯಚೂರು ಜಿಲ್ಲೆಯ ಬೇಸಿಗೆಯನ್ನು ನಾವು ಮರೆತಿದ್ದೆವು. ಇಲ್ಲಿ 40 ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು. ಏಪ್ರಿಲ್ಲಿನ ಒಂದು ಮಧ್ಯಾಹ್ನ ಮದುವೆಯೊಂದರ ವಿಡಿಯೋ ಸಿದ್ಧವಾಗುತ್ತಿದ್ದಾಗ ಕಾರ್ಡು 94 ಡಿಗ್ರಿ ಮುಟ್ಟಿ, ಕೆಲಸ ನಿಧಾನವಾಗಿ, ಕೊನೆಗೆ ಯಂತ್ರವೇ ಆರಿತು. ದಿನದ ದುಡಿಮೆ ಹಾಳಾಯಿತು. ಬೀಗರಿಗೆ ಕೊಡಬೇಕಾಗಿದ್ದ ವಿಡಿಯೋ ಒಂದು ದಿನ ತಡವಾಗಿ ಮಗ ಮಾತು ಕೇಳಬೇಕಾಯಿತು. ಅನ್ನದ ಪ್ರಶ್ನೆ, ಅವನು ಹಳೆಯ ಫ್ಯಾನನ್ನೇ ಮರಳಿ ಕೂಡಿಸಿದ. ಅಂದು ರಾತ್ರಿ ತಾಯಿಯವರು ಏನೂ ಅನ್ನದೆ ತಾಟು ಹಿಡಿದು ಅಡುಗೆಮನೆಗೆ ನಡೆದರು. ನಮಗಾಗಲಿ ಮಗನಿಗಾಗಲಿ ತುತ್ತು ಇಳಿಯಲಿಲ್ಲ.

ಮರುದಿನ ಯಂತ್ರ ನಿಂತಿದ್ದ ಹೊತ್ತಿನಲ್ಲಿ ಮಗ ಅವರ ಬಳಿ ಕೂತು ನಡೆದದ್ದನ್ನು ವಿವರಿಸಿದ. ಅವರು ಎದ್ದು ಬಂದು ಕ್ಯಾಬಿನೆಟ್ಟಿನ ಸುತ್ತ ಕೈಯಾಡಿಸಿ ನೋಡಿದರು. ಬಳಿಕ, “ತಮ್ಮಾ, ಗವಾಕ್ಷಿ ಮುಚ್ಚಿದ ಅಡಿಗಿಮನ್ಯಾಗ ಒಲಿ ಹಚ್ಚಿದ್ರ ಹೊಗಿ ಎಲ್ಲಿಗೆ ಹೋಗಬೇಕು? ಮ್ಯಾಲೆ ಹೋಗಾಕ ದಾರಿ ಬಿಡು” ಎಂದರು.

ಮಾತು ಸರಿಯಾಗಿತ್ತು. ಆ ಕಾರ್ಡು ಬಳಸುವುದು 75 ವ್ಯಾಟ್. ಹಿಂದಿನ ಕಾಲದ 75 ವ್ಯಾಟಿನ ಬಲ್ಬೊಂದನ್ನು ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಂತೆ. ಹೀಟ್‌ಸಿಂಕು ಶಾಖವನ್ನು ನುಂಗುವುದಿಲ್ಲ, ಹರಡುತ್ತದೆ ಅಷ್ಟೇ. ಅದನ್ನು ಒಯ್ಯಲು ಗಾಳಿ ಬೇಕೇ ಬೇಕು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಕೃಷ್ಣೆಯ ದಂಡೆಯಲ್ಲಿರುವುದೂ ಇದಕ್ಕಾಗಿಯೇ. ಅಲ್ಲಿ ಹಬೆಯ ಶಾಖವನ್ನು ಹೊತ್ತೊಯ್ಯಲು ನೀರು ಬೇಕು. ಸದ್ದಿನ ಫ್ಯಾನು ನಮಗೆ ಕಾಟವಾಗಿದ್ದರೂ ಒಂದು ಕೆಲಸವನ್ನು ಮಾಡುತ್ತಿತ್ತು. ಆ ಕೆಲಸವನ್ನು ಬೇರೆ ಯಾರಿಗೂ ಒಪ್ಪಿಸದೆ ಅದನ್ನು ತೆಗೆದುಹಾಕಿದ್ದೇ ನಮ್ಮ ತಪ್ಪು.

ಮಗ ಹೀಟ್‌ಸಿಂಕನ್ನು ಮತ್ತೆ ಕೂಡಿಸಿದ. ನಿಂತಿದ್ದ ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿದ. ಆಗ ಮಲಗಿದ್ದ ಕಾರ್ಡು ನೆಟ್ಟಗೆ ನಿಂತು, ರೆಕ್ಕೆಗಳ ಸಂದುಗಳು ಮೇಲ್ಮುಖವಾದವು. ಮೇಲಿನ ತಗಡನ್ನು ತೆಗೆದು ತಂತಿಯ ಜಾಲರಿ ಹಾಕಿದ. ಮುಂಭಾಗದಲ್ಲಿ 120 ಮಿಲಿಮೀಟರಿನ ದೊಡ್ಡ ಫ್ಯಾನೊಂದನ್ನು ಅತಿ ನಿಧಾನವಾಗಿ ತಿರುಗುವಂತೆ ಇಟ್ಟು, ಧೂಳು ತಡೆಯಲು ಅದರ ಮುಂದೆ ತೊಳೆಯಬಹುದಾದ ಜಾಳಿಗೆ ಕಟ್ಟಿದ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಆದುದರಿಂದ ಚಿಕ್ಕ ಫ್ಯಾನು ಕಿರುಚುತ್ತಾ ಒಯ್ಯುವ ಗಾಳಿಯನ್ನು ದೊಡ್ಡ ಫ್ಯಾನು ಪಿಸುಮಾತಿನಲ್ಲಿ ಒಯ್ಯುತ್ತದೆ. ಆ ಮೇ ತಿಂಗಳ ಉರಿಯಲ್ಲಿಯೂ ಕಾರ್ಡು 80 ದಾಟಲಿಲ್ಲ.

ನಮ್ಮಂತೆ ಮಾಡಬಯಸುವವರಿಗೆ ಎರಡು ಮಾತು. ಕಾರ್ಡನ್ನು ಬಿಚ್ಚಿದರೆ ಸಾಮಾನ್ಯವಾಗಿ ಅದರ ವಾರಂಟಿ ಹೋಗುತ್ತದೆ. ಹೆಚ್ಚು ವಿದ್ಯುತ್ತು ಉಣ್ಣುವ ಕಾರ್ಡುಗಳಿಗೆ ಈ ಉಪಾಯ ಸಾಲದು. ಮೊದಲು ಧೂಳನ್ನು ಬ್ರಷ್ಷಿನಿಂದ ತೆಗೆದು ನೋಡುವುದು ಲೇಸು. ಎಷ್ಟೋ ಸಲ ಅಷ್ಟರಿಂದಲೇ ಸದ್ದು ಅಡಗುತ್ತದೆ.

ಇನ್ನು, ಮನೆಯ ಹಿರಿಯರು ಮಾತು ಬಿಟ್ಟರೆಂದು ತೋರಿದಾಗ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಮುನ್ನ, ನಾವು ಕೇಳಿಸಿಕೊಳ್ಳುವುದನ್ನೇ ಬಿಟ್ಟಿರುವ ಯಾವ ಸದ್ದು ಅವರ ಸುತ್ತಲಿದೆಯೆಂದು ಒಮ್ಮೆ ನೋಡಬೇಕೆಂದು ಬಂಧುಗಳಲ್ಲಿ ವಿನಂತಿ. ಟೀವಿ, ಮಿಕ್ಸರು, ಕೂಲರು, ಕಂಪ್ಯೂಟರು, ಯಾವುದಾದರೂ ಇರಬಹುದು. ಒಂದು ಸಂಜೆ ಎಲ್ಲವನ್ನೂ ಆರಿಸಿ ಅವರ ಪಕ್ಕದಲ್ಲಿ ಕೂತು ಮಾತನಾಡಿದರೆ ತಿಳಿಯುತ್ತದೆ. ನಮಗೆ ಅದು ಕರೆಂಟು ಹೋದ ಒಂದು ರಾತ್ರಿಯಿಂದ ತಿಳಿಯಿತು.