ಮೂರು ಗಾಲಿಗಳ ನಡೆ

ಉರುಳುವ ಗಾಲಿ ಸವೆಯುವುದು ಸಹಜ. ಆದರೆ ಉರುಳಿ ಸವೆಯುವುದು ಬೇರೆ, ಅಡ್ಡಕ್ಕೆ ಉಜ್ಜಿಸಿಕೊಂಡು ಸವೆಯುವುದು ಬೇರೆ. ಈ ಭೇದವನ್ನರಿಯದಿದ್ದರೆ ದುಡಿಯುವ ಸಂಸಾರವೊಂದರ ಗಳಿಕೆ ರಸ್ತೆಯ ಪಾಲಾಗುತ್ತದೆಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ.

ನಮ್ಮ ಓಣಿಯ ತರುಣನೊಬ್ಬ ಆಟೋರಿಕ್ಷಾ ಓಡಿಸಿ ತಾಯಿ, ಮಡದಿ, ಇಬ್ಬರು ಮಕ್ಕಳನ್ನು ಸಲಹುತ್ತಾನೆ. ಒಂದೇ ವರ್ಷದಲ್ಲಿ ಅವನ ಬಂಡಿಯ ಎಡಬದಿಯ ಹಿಂದಿನ ಟೈರು ಎರಡು ಸಲ ಬೋಳಾಯಿತು. ಬಲಬದಿಯದು ಚೆನ್ನಾಗಿಯೇ ಇತ್ತು. ಟೈರು ಕಳಪೆಯೆಂದರು ಕೆಲವರು, ರಸ್ತೆ ಕೆಟ್ಟದ್ದೆಂದರು ಕೆಲವರು. ಮೂರನೆಯ ಟೈರಿಗಾಗಿ ಮಕ್ಕಳ ಶಾಲೆಯ ಹಣಕ್ಕೆ ಕೈಹಾಕಬೇಕಾಗಿ ಬಂದಾಗ ಅವನು ನಮ್ಮ ಮುಂದೆ ಬಂದು ಕುಳಿತ. ರಸ್ತೆಯೇ ಕಾರಣವಾಗಿದ್ದರೆ ಬಲಬದಿಯದೂ ಸವೆಯಬೇಕಿತ್ತಲ್ಲವೆ? ಮಠದಲ್ಲಿ ತರ್ಕ ಓದಿದ ನಮಗೆ ಕಾರ್ಯಕ್ಕೆ ಕಾರಣ ಇರಲೇಬೇಕೆಂಬುದು ಗೊತ್ತು. ಗಾಲಿಯಲ್ಲಿ ಆ ಕಾರಣವನ್ನು ತೋರಿಸಿಕೊಟ್ಟವರು ಮಾತ್ರ ಗ್ಯಾರೇಜಿನ ಹಿರಿಯ ಮಿಸ್ತ್ರಿಯವರು.

ಅವರು ಮೊದಲು ಟೈರಿನ ಮೇಲೆ ಅಂಗೈ ಆಡಿಸಿದರು, ನಮ್ಮಿಂದಲೂ ಆಡಿಸಿದರು. ಒಂದು ದಿಕ್ಕಿಗೆ ಸವರಿದರೆ ನುಣುಪು. ಮರಳಿ ಸವರಿದರೆ ಗರಗಸದ ಹಲ್ಲಿನಂತೆ ಚುಚ್ಚು. ಗಾಲಿ ನೇರವಾಗಿ ಉರುಳದೆ ಓರೆಯಾಗಿ ಎಳೆಯಲ್ಪಡುತ್ತಿದೆ ಎಂಬುದಕ್ಕೆ ಇದೇ ಗುರುತು. ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಗಾಲಿ ಒಂದು ಕಡೆಗೆ ವಾಲಿರಬಹುದು.

1946ರಲ್ಲಿ ಇಟಲಿಯಲ್ಲಿ ವೆಸ್ಪಾ ಸ್ಕೂಟರು ಹುಟ್ಟಿತು. 1948ರಲ್ಲಿ ಅದರ ಮುಂಭಾಗವನ್ನೇ ಆಧರಿಸಿ, ಹಿಂದೆ ಎರಡು ಗಾಲಿ ಜೋಡಿಸಿ ‘ಆಪೆ’ ಎಂಬ ಬಂಡಿಯನ್ನು ಮಾಡಿದರು. ನಮ್ಮ ಆಟೋ ಅದೇ ಕುಲದ್ದು. ಮುಂದೆ ಒಂದೇ ಗಾಲಿ. ದಿಕ್ಕು ತೋರುವ ಹೊಣೆಯೆಲ್ಲ ಅದರದು. ಹಿಂದಿನ ಎರಡು ಗಾಲಿಗಳು ಒಂದೊಂದು ತೋಳಿನ ಮೇಲೆ ನಿಂತಿವೆ. ತೋಳಿನ ಬುಡದ ಬುಷ್ ಸವೆದರೆ, ಬೇರಿಂಗ್ ಸಡಿಲವಾದರೆ, ಗುಂಡಿಗೆ ಬಿದ್ದು ತೋಳು ಬಾಗಿದರೆ ಗಾಲಿಯ ಮುಖ ಓರೆಯಾಗುತ್ತದೆ.

ಈ ಓರೆಯ ಲೆಕ್ಕ ಸಣ್ಣದಲ್ಲ. ಆಟೋ ಟೈರಿನ ವ್ಯಾಸ ಸುಮಾರು 40 ಸೆಂಟಿಮೀಟರು. ಅಷ್ಟರಲ್ಲಿ 4 ಮಿಲಿಮೀಟರು ಓರೆಯಿದ್ದರೆ ನೂರರಲ್ಲಿ ಒಂದು ಪಾಲಾಯಿತು. ಎಂದರೆ 1 ಕಿಲೋಮೀಟರಿಗೆ 10 ಮೀಟರು ಅಡ್ಡ ಎಳೆತ. ದಿನಕ್ಕೆ 100 ಕಿಲೋಮೀಟರು ಓಡಿದರೆ 1 ಕಿಲೋಮೀಟರು! ಇದರಲ್ಲಿ ಒಂದು ಪಾಲನ್ನು ಉಳಿದ ಗಾಲಿಗಳೂ ಹೊರುತ್ತವೆ. ಆದುದರಿಂದಲೇ ಅಂಥ ಬಂಡಿ ಒಂದು ಬದಿಗೆ ಸರಿಯುತ್ತದೆ. ಚಾಲಕ ಹ್ಯಾಂಡಲನ್ನು ತುಸು ತಿರುಗಿಸಿ ಹಿಡಿದೇ ಓಡಿಸುತ್ತಾನೆ. ಟೈರಿನ ಜೊತೆಗೆ ಇಂಧನವೂ ವ್ಯರ್ಥವಾಗುತ್ತದೆ.

ಪರೀಕ್ಷೆ ಸುಲಭ. ಸಮನೆಲದಲ್ಲಿ ಬಂಡಿ ನಿಲ್ಲಿಸಿ, ಗಾಳಿ ಸರಿಯಾಗಿ ತುಂಬಿಸಿ, ಹ್ಯಾಂಡಲನ್ನು ನೇರಮಾಡಿ, ಹಿಂದಿನ ಒಂದೊಂದು ಟೈರಿನ ಹೊರಮೈಗೆ ಗಾಲಿಯ ನಡುಮಟ್ಟದಲ್ಲಿ ದಾರ ತಾಗಿಸಿ ಮುಂಗಾಲಿಯ ಪಕ್ಕದವರೆಗೆ ಬಿಗಿಯಬೇಕು. ಎರಡು ದಾರಗಳು ಸಮಾಂತರವಾಗಿರಬೇಕು. ಮುಂಗಾಲಿ ಅವುಗಳ ನಟ್ಟನಡುವೆ ಇರಬೇಕು. ಹಿಂದಿನ ಗಾಲಿಯಿಂದ ಮುಂದಿನದಕ್ಕೆ ಸುಮಾರು 2 ಮೀಟರು ಇರುವುದರಿಂದ ಗಾಲಿಯಲ್ಲಿ 4 ಮಿಲಿಮೀಟರು ಇದ್ದ ಓರೆ ದಾರದ ತುದಿಯಲ್ಲಿ 2 ಸೆಂಟಿಮೀಟರಾಗಿ ಕಣ್ಣಿಗೆ ಬೀಳುತ್ತದೆ. ಆ ತರುಣನ ಬಂಡಿಯಲ್ಲಿ ಎಡಗಡೆಯ ದಾರ ಹಾಗೆಯೇ ದೂರ ಸರಿದು ನಿಂತಿತು. ಎಡತೋಳಿನ ಬುಷ್ ಪೂರ್ತಿ ತಿಂದುಹೋಗಿತ್ತು. ಅದನ್ನು ಬದಲಿಸಿ, ಮತ್ತೆ ದಾರ ಹಿಡಿದು ನೋಡಿದ ಬಳಿಕವೇ ಮಿಸ್ತ್ರಿಯವರು ಹೊಸ ಟೈರಿಗೆ ಕೈಹಚ್ಚಿದರು.

ಈ ಕ್ರಮವನ್ನು ಹಲವರು ತಲೆಕೆಳಗು ಮಾಡುತ್ತಾರೆ. ಸವೆದ ಟೈರನ್ನು ಮತ್ತೊಂದು ಗಾಲಿಗೆ ಹಾಕಿ ಕೆಲವು ದಿನ ತಳ್ಳುತ್ತಾರೆ. ಕಾರಣ ಮಾತ್ರ ಇದ್ದಲ್ಲಿಯೇ ಉಳಿದು ಮುಂದಿನ ಟೈರನ್ನೂ ತಿನ್ನುತ್ತದೆ. ಬೋಳು ಟೈರು ಮುಂಗಾಲಿಗೆ ಬಂದರಂತೂ ಅಪಾಯ. ಮಳೆಯ ರಸ್ತೆಯಲ್ಲಿ ಅದು ಜಾರಿದರೆ ದಿಕ್ಕು ಹಿಡಿಯಲು ಮುಂದೆ ಇನ್ನೊಂದು ಗಾಲಿಯಿಲ್ಲ.

ಮನೆಯಲ್ಲಿ ಆಟೋ ಇರುವ ಬಂಧುಗಳು ತಿಂಗಳಿಗೊಮ್ಮೆ ಟೈರಿನ ಮೇಲೆ ಅಂಗೈ ಆಡಿಸಲಿ. ದೊಡ್ಡ ಗುಂಡಿಗೆ ಬಿದ್ದ ಬಳಿಕ ತಪ್ಪದೆ ದಾರ ಹಿಡಿಸಲಿ. ಮಕ್ಕಳನ್ನು ಆಟೋದಲ್ಲಿ ಶಾಲೆಗೆ ಕಳುಹಿಸುವ ತಾಯಂದಿರೂ ಬಂಡಿ ಬಾಗಿಲಿಗೆ ಬಂದಾಗ ಮೂರು ಗಾಲಿಗಳತ್ತ ಒಮ್ಮೆ ಕಣ್ಣು ಹಾಯಿಸಲಿ. ಟೈರು ಬೋಳಾಗಿದ್ದರೆ ಚಾಲಕನನ್ನು ಬಯ್ಯಬೇಕಾಗಿಲ್ಲ. ‘ತಮ್ಮಾ, ಬುಷ್ ನೋಡಿಸಿದೆಯಾ?’ ಎಂದು ಕೇಳಿದರೆ ಸಾಕು. ಅವನ ಮನೆಯ ಮಕ್ಕಳಿಗೂ ಅದರಿಂದ ಹಿತವಿದೆ.