ಮೂಕಿ ಚಿತ್ರದ ಹಾಡುಹಕ್ಕಿ

ಇಸವಿ 1923. ಫ್ರಾನ್ಸಿನ ಒಂದು ಚಿತ್ರಮಂದಿರದಲ್ಲಿ ನೀವು ಕೂತಿದ್ದೀರಿ. ದೀಪ ಆರಿದೆ, ಪಿಯಾನೊ ಶುರುವಾಗಿದೆ. ಚಿತ್ರದ ಹೆಸರು ‘ನೈಟಿಂಗೇಲ್‌ನ ಕಂಠ’. ಎಲ್ಲ ಸೇರಿ ಕಾಲು ಗಂಟೆಯೂ ಇಲ್ಲ.

ಪುಟ್ಟ ಹುಡುಗಿಯೊಬ್ಬಳು ಹಕ್ಕಿ ಹಿಡಿದು ಪಂಜರದಲ್ಲಿಟ್ಟಿದ್ದಾಳೆ. ಹುಡುಗಿ ನಿಜದವಳು, ಕತೆ ಹೇಳುವ ಹಕ್ಕಿ ಬೊಂಬೆ. ಅದು ಕತ್ತು ಹೊರಳಿಸಿದ್ದೇ ತಡ, ಆ ವ್ಯತ್ಯಾಸ ನಿಮಗೆ ಮರೆತೇ ಹೋಗುತ್ತದೆ. ತನ್ನ ಸಂಗಾತಿಯ ಕತೆ, ತನ್ನ ಗೂಡಿನ ಕತೆಯನ್ನು ಹಕ್ಕಿ ಹೇಳುತ್ತಿದೆ. ಕಪ್ಪುಬಿಳುಪು ಫಿಲಂ ಮೇಲೆ ಆಮೇಲೆ ಹಚ್ಚಿದ ಬಣ್ಣಗಳಲ್ಲಿ ಆ ಲೋಕವೆಲ್ಲ ಅರಳುತ್ತದೆ.

ಈಗ ಎದ್ದು ಬನ್ನಿ, ಈ ಹಕ್ಕಿಗೆ ಜೀವ ಬಂದ ಕೋಣೆಯನ್ನು ನೋಡೋಣ. ಕ್ಯಾಮೆರಾ ಮುಂದೆ ಬಗ್ಗಿ ನಿಂತವರು ಲಾಡಿಸ್ಲಾಸ್ ಸ್ಟಾರೆವಿಚ್. ಮಾಸ್ಕೋದಲ್ಲಿ ಹುಟ್ಟಿದ ಪೋಲಿಷ್ ಮನೆತನದವರು, ರಷ್ಯಾದ ಕ್ರಾಂತಿಯ ನಂತರ ಫ್ರಾನ್ಸಿಗೆ ಬಂದು ನೆಲೆಸಿದವರು. ತೆರೆಯ ಮೇಲಿನ ಹುಡುಗಿ ಅವರ ಮಗಳು ಜಾನ್. ಚಿತ್ರರಂಗದಲ್ಲಿ ನೀನಾ ಸ್ಟಾರ್. ಸ್ಟಾರೆವಿಚ್ ಬೊಂಬೆಯ ರೆಕ್ಕೆಯನ್ನು ಕೂದಲೆಳೆಯಷ್ಟು ಎತ್ತುತ್ತಾರೆ, ಕೈ ಹಿಂದಕ್ಕೆಳೆದು ಒಂದೇ ಒಂದು ಫ್ರೇಮ್ ತೆಗೆಯುತ್ತಾರೆ. ಮತ್ತೆ ಇನ್ನಷ್ಟು ಎತ್ತುತ್ತಾರೆ, ಮತ್ತೊಂದು ಫ್ರೇಮ್. ಪರದೆಯ ಮೇಲೆ ಒಂದು ಸೆಕೆಂಡು ಹಾರಬೇಕಾದರೆ ಹದಿನಾರರಷ್ಟು ಚಿತ್ರ ಬೇಕು. ನಡುವೆ ಬೊಂಬೆ ಸ್ವಲ್ಪ ಜರುಗಿದರೂ ಹಾರಾಟ ಕೆಟ್ಟಿತು.

ಈ ವಿದ್ಯೆಯನ್ನು ಅವರಿಗೆ ಕಲಿಸಿದ್ದು ದುಂಬಿಗಳು. 1910ರ ಸುಮಾರಿಗೆ ಲಿಥುವೇನಿಯಾದ ಕೌನಸ್‌ನ ವಸ್ತುಸಂಗ್ರಹಾಲಯದಲ್ಲಿದ್ದಾಗ ಅವರು ಕೊಂಬಿನ ದುಂಬಿಗಳ ಕಾಳಗ ಚಿತ್ರೀಕರಿಸಲು ಹೊರಟರು. ಕತ್ತಲಲ್ಲಿ ಕಾದಾಡುವ ಆ ಜೀವಿಗಳು ದೀಪ ಹೊತ್ತಿಸಿದರೆ ಅಲುಗಾಡುತ್ತಿರಲಿಲ್ಲ. ಕೊನೆಗೆ ಸತ್ತ ದುಂಬಿಗಳಿಗೆ ತಂತಿ, ಮೇಣದಿಂದ ಕಾಲು ಜೋಡಿಸಿ, ಒಂದೊಂದೇ ಫ್ರೇಮ್ ತೆಗೆದು ಕಾಳಗ ಆಡಿಸಿದರು. ನಮ್ಮ ಹಟಕ್ಕೆ ಕಾಡಿನ ಜೀವ ಮಣಿಯುವುದಿಲ್ಲ ಎಂಬುದನ್ನು ಅಂದೇ ಕಂಡವರು, ಈಗ ಅದನ್ನೇ ಮಗುವೊಂದರ ಮನಸ್ಸಿಗೆ ಮುಟ್ಟಿಸುತ್ತಿದ್ದಾರೆ.

ಪರದೆಯ ಮೇಲೆ ಹುಡುಗಿ ಪಂಜರದ ಬಾಗಿಲು ತೆರೆದಳು. ಬಿಡುಗಡೆಯಾದ ಹಕ್ಕಿ ತನ್ನ ಕಂಠವನ್ನು ಹಗಲಿನ ಪಾಲಿಗೆ ಅವಳಿಗೆ ಕೊಟ್ಟಿತು. ಅದಕ್ಕೇ ನೈಟಿಂಗೇಲ್ ರಾತ್ರಿ ಹಾಡುತ್ತದೆ ಎನ್ನುತ್ತದೆ ಕತೆ. ಮೂಕಿ ಚಿತ್ರ, ಕಂಠದ್ದೇ ಕತೆ. ಆದರೂ ಹಾಡು ಕೇಳಿಸಲಿಲ್ಲ ಎಂದು ನಿಮಗೆ ಒಮ್ಮೆಯೂ ಅನಿಸುವುದಿಲ್ಲ. 1925ರ ಅತ್ಯಂತ ಹೊಸತನದ ಕಿರುಚಿತ್ರವೆಂದು ಅಮೆರಿಕದಲ್ಲಿ ಇದಕ್ಕೆ ರೀಸೆನ್‌ಫೆಲ್ಡ್ ಪದಕ ಸಿಕ್ಕಿತು. ಇಂದು ಇದನ್ನು ನೆನೆಯುವವರು ಕಡಿಮೆ. ನಿಮ್ಮ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಹಿಡಿದಿಟ್ಟರೆ ದಕ್ಕದ್ದು ಬಿಟ್ಟುಕೊಟ್ಟರೆ ದಕ್ಕುತ್ತದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.