ಮಿಸ್ತ್ರಿ ಎಷ್ಟು ದೂರ?

ನಮ್ಮ ಮನೆಯ ಖರ್ಚಿನ ವಹಿಯಲ್ಲಿ ಕಿರಾಣಿ, ಹಾಲು, ಗ್ಯಾಸು, ಮಕ್ಕಳ ಫೀಸು ಎಂಬ ಕಾಲಮ್ಮುಗಳ ಪಕ್ಕದಲ್ಲಿ ‘ಇಟಲಿ’ ಎಂಬ ಇನ್ನೊಂದು ಕಾಲಮ್ಮಿತ್ತು. ಶರಣಸಿರಸಗಿಯ ಒಬ್ಬ ಸಾಲಿ ಮಾಸ್ತರನ ಮನೆಯಿಂದ ತಿಂಗಳಾ ತಿಂಗಳಾ ಇಟಲಿಗೆ ರೊಕ್ಕ ಹೋಗುತ್ತದೆಂದರೆ ಆದಾಯ ತೆರಿಗೆಯವರು ಬಂದು ಬಾಗಿಲು ಬಡಿಯಬೇಕಿತ್ತು. ಅವರು ಬರಲಿಲ್ಲ, ಏಕೆಂದರೆ ಆ ಇಟಲಿ ನಮ್ಮ ಅಂಗಳದಲ್ಲೇ ಸ್ಟ್ಯಾಂಡ್ ಹಾಕಿಕೊಂಡು ನಿಂತಿತ್ತು. ಇಟಲಿ ಮೂಲದ ಹಳೆಯ ಸ್ಕೂಟರ್. ಯಾವ ಕಂಪನಿಯದೆಂದು ಹೇಳುವುದಿಲ್ಲ. ಮುಂದಿನ ತಗಡಿನ ಮೇಲಿದ್ದ ಹೆಸರಿನಲ್ಲಿ ಅರ್ಧ ಅಕ್ಷರಗಳು ನನಗಿಂತ ಹಿಂದಿನ ಮಾಲೀಕರ ಕಾಲದಲ್ಲೇ ಉದುರಿದ್ದವು. ಉಳಿದರ್ಧ ಹೇಳಿ ಯಾರ ಮರ್ಯಾದೆಯನ್ನೂ ತೆಗೆಯುವ ಇಚ್ಛೆ ನನಗಿಲ್ಲ. ಗಾಡಿಗೆ ಇದ್ದದ್ದು ಒಂದೇ ರೋಗ, ಮುಪ್ಪು.

“ಏನ್ರಿ, ಈ ತಿಂಗಳು ಇಟಲಿಗಿ ಎಷ್ಟು ಹೋಯ್ತು?” ಎಂದು ಮನೆಯಾಕೆ ಒಂದನೇ ತಾರೀಕು ವಹಿ ಬಿಚ್ಚಿ ಕೇಳುವಾಗ ನಾನು ಇತಿಹಾಸದ ಪಾಠ ಶುರು ಮಾಡುತ್ತಿದ್ದೆ. ಮಾಸ್ತರರ ಹತ್ತಿರ ರೊಕ್ಕದ ಲೆಕ್ಕ ಕೇಳಿದರೆ ಇತಿಹಾಸವೇ ಸಿಗುವುದು.

ಆ ಇತಿಹಾಸವೂ ಸಣ್ಣದಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯ ಪೊಂಟೆಡೆರಾದಲ್ಲಿ ವಿಮಾನ ಮಾಡುತ್ತಿದ್ದ ಪಿಯಾಜಿಯೊ ಕಾರ್ಖಾನೆ ಬಾಂಬಿಗೆ ಸಿಕ್ಕು ಹಾಳಾಗಿತ್ತು. ಜನಕ್ಕೆ ಓಡಾಡಲು ಅಗ್ಗದ ಗಾಡಿ ಬೇಕಿತ್ತು. ಕಂಪನಿಯವರು ಆ ಕೆಲಸ ಕೊಟ್ಟದ್ದು ಕೊರಾದಿನೊ ದಸ್ಕಾನಿಯೊ ಎಂಬ ವಿಮಾನದ ಇಂಜಿನಿಯರಿಗೆ. ಹೆಲಿಕಾಪ್ಟರಿನ ಮೇಲೆ ಜೀವ ಇಟ್ಟಿದ್ದ ಆತನಿಗೆ ಮೋಟಾರ್ ಸೈಕಲ್ ಎಂದರೆ ಆಗುತ್ತಿರಲಿಲ್ಲ. ಬಟ್ಟೆಗೆ ಎಣ್ಣೆ ಸಿಡಿಯುತ್ತದೆ, ಕಾಲು ಅಗಲಿಸಿ ಹತ್ತಬೇಕು, ಟೈರ್ ಬಿಚ್ಚುವುದು ರಗಳೆ. ಹೀಗಾಗಿ ಆತ ಚೈನನ್ನೇ ತೆಗೆದುಹಾಕಿ ಇಂಜಿನ್ನನ್ನು ಹಿಂದಿನ ಗಾಲಿಯ ಪಕ್ಕಕ್ಕೆ ಕೂಡಿಸಿದ, ಕಾಲ ಮುಂದೆ ತಗಡು ನಿಲ್ಲಿಸಿದ, ವಿಮಾನದ ಗಾಲಿಯ ರೀತಿಯಲ್ಲಿ ಒಂದೇ ಬದಿಗೆ ಗಾಲಿ ಕಟ್ಟಿದ. 1946ರಲ್ಲಿ ವೆಸ್ಪಾ ಹುಟ್ಟಿತು. ಮರುವರ್ಷ ಮಿಲಾನಿನ ಇನೊಚೆಂತಿ ಕಂಪನಿ ಲ್ಯಾಂಬ್ರೆಟ್ಟಾ ತಂದಿತು. ಇಟಲಿಯ ಪಾದ್ರಿಗಳ ನಿಲುವಂಗಿ ಉಳಿಸಲು ಅನುಕೂಲವಾದ ಆ ತಗಡು ಮುಂದೆ ಕಲಬುರಗಿ ಜಿಲ್ಲೆಯ ಎಷ್ಟು ಧೋತರಗಳ ಮಾನ ಕಾಯಿತೆಂದು ದಸ್ಕಾನಿಯೊಗೆ ಯಾರೂ ತಿಳಿಸಿರಲಿಕ್ಕಿಲ್ಲ. ಮೇಲಾಗಿ ಅದು ಬಾಂಬು ಬಿದ್ದ ರಸ್ತೆಗಳಿಗಾಗಿ ರೂಪುಗೊಂಡ ಗಾಡಿ. ನಮ್ಮ ಕಡೆ ಬಂದಾಗ ಅದಕ್ಕೆ ತವರಿಗೆ ಬಂದ ಅನುಭವವೇ ಆಗಿರಬೇಕು.

ನಮ್ಮ ದೇಶಕ್ಕೆ ಲ್ಯಾಂಬ್ರೆಟ್ಟಾ 1950ರ ದಶಕದಲ್ಲಿ ಮುಂಬಯಿಯ ಎಪಿಐ ಕಂಪನಿಯ ಕೈಯಿಂದ ಬಂತು. ವೆಸ್ಪಾ ಬಜಾಜ್ ಮೂಲಕ ಬಂತು. ಪಿಯಾಜಿಯೊ ಜೊತೆಗಿನ ಕರಾರು 1971ಕ್ಕೆ ಮುಗಿದ ಮೇಲೆ ಅದೇ ಮೈಕಟ್ಟಿನಲ್ಲಿ, ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು, ಚೇತಕ್ ಆಯಿತು. ಮಿಲಾನಿನ ಲ್ಯಾಂಬ್ರೆಟ್ಟಾ ಯಂತ್ರಗಳನ್ನು ಸರ್ಕಾರವೇ ಕೊಂಡು 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿತು; ಅಲ್ಲಿಂದ ವಿಜಯ್ ಸೂಪರ್ ಹೊರಬಂತು. ಲೈಸೆನ್ಸ್ ರಾಜ್ಯದ ಆ ದಿನಗಳಲ್ಲಿ ಸ್ಕೂಟರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ, ಕೆಲವು ಸಲ ಹತ್ತು ವರ್ಷದವರೆಗೂ, ಕಾಯಬೇಕಿತ್ತು. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಅಳಿಯನ ಹೊತ್ತಿಗೆ ಬಂದೀತು ಎನ್ನುವವರಿದ್ದರು. ಇಷ್ಟು ಕಾದು ಬಂದದ್ದರ ಮೇಲೆ ಕೆಟ್ಟಿತೆಂದು ಸಿಟ್ಟಾಗುವ ಧೈರ್ಯ ಯಾರಿಗಿರುತ್ತದೆ?

ಗಾಡಿ ಕೆಡುತ್ತಿತ್ತು. ಆದರೆ ತಿಳಿಯುವ ರೀತಿಯಲ್ಲಿ ಕೆಡುತ್ತಿತ್ತು. ಇದೇ ಅದರ ದೊಡ್ಡ ಗುಣ. ಎರಡು ಸ್ಟ್ರೋಕಿನ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಲೀಟರಿಗೆ ಇಪ್ಪತ್ತು ಮಿಲಿ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಮಸಿ ಕಟ್ಟಿದರೆ ಬಿಚ್ಚಿ, ಮರಳು ಕಾಗದದಿಂದ ತಿಕ್ಕಿ, ಊದಿ ಮತ್ತೆ ಹಾಕಬೇಕು. ಕೈಯಲ್ಲಿ ತಿರುವುವ ಗೇರಿಗೆ ಎರಡು ಕೇಬಲ್. ಎಳೆದು ಎಳೆದು ಅವು ಸಡಿಲಾದವೆಂದರೆ ಮೂರನೇ ಗೇರು ಎಲ್ಲಿದೆ ಎಂಬುದು ಶ್ರದ್ಧೆಯ ಪ್ರಶ್ನೆ. ಮುಂಜಾನೆ ಚಾಲೂ ಆಗದಿದ್ದರೆ ಗಾಡಿಯನ್ನು ಒಂದು ಬದಿಗೆ ಪೂರಾ ವಾಲಿಸಿ, ಗಳಿಗೆ ತಡೆದು, ಎತ್ತಿ ಕಿಕ್ ಹೊಡೆಯಬೇಕು. ಕಾರ್ಬ್ಯುರೇಟರಿನ ಬಟ್ಟಲಲ್ಲಿದ್ದ ಪೆಟ್ರೋಲು ಉಕ್ಕಿ ಇಂಜಿನ್ನಿಗೆ ಒಂದು ಗುಟುಕು ಹೆಚ್ಚು ಸಿಗುತ್ತದೆ ಎಂಬುದು ಅದರ ಶಾಸ್ತ್ರ. ಕಾರಣ ಗೊತ್ತಿಲ್ಲದವರೂ ಭಕ್ತಿಯಿಂದ ವಾಲಿಸುತ್ತಿದ್ದರು. ಇಂಡಿಯಾದ ಮಧ್ಯಮ ವರ್ಗ ದಿನಾ ಮುಂಜಾನೆ ಮಾಡಿದ ಏಕೈಕ ವ್ಯಾಯಾಮ ಅದೇ ಇರಬೇಕು.

ಬೇಸಿಗೆಯದು ಬೇರೆಯೇ ಅಧ್ಯಾಯ. ತಗಡಿನೊಳಗೆ ಮುಚ್ಚಿಕೊಂಡ ಇಂಜಿನ್ನಿಗೆ ಗಾಳಿ ಊದಲು ಒಂದು ಫ್ಯಾನಿದೆ. ಆದರೆ ಮೇ ತಿಂಗಳಲ್ಲಿ ಅದು ಊದುವುದೂ ಕಲಬುರಗಿಯ ಗಾಳಿಯನ್ನೇ ಅಲ್ಲವೆ? ನಲವತ್ತೆರಡು, ನಲವತ್ಮೂರು ಡಿಗ್ರಿಯ ಗಾಳಿ ಊದಿಸಿಕೊಂಡು ತಂಪಾಗು ಎಂದರೆ ಇಟಲಿಯವರು ಹೇಗೆ ಒಪ್ಪುತ್ತಾರೆ? ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ತಿರುಗದೆ ನಿಲ್ಲುತ್ತಿತ್ತು. ತೊಗರಿ ಕಟ್ಟಿಗೆಯಿಂದ ಕೆರೆದು ತೆಗೆಯಬೇಕು. ಆ ಉಪಕರಣದ ಪ್ರಸ್ತಾಪ ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲ.

ಇಷ್ಟೆಲ್ಲ ಇದ್ದೂ ನಾನು ಆ ಗಾಡಿಯನ್ನು ನಂಬಿದ್ದೆ. ಏಕೆಂದರೆ ನಮ್ಮ ಊರಿನಿಂದ ಕಲಬುರಗಿ ನಗರಕ್ಕೆ ಕಾಲಿಡುವಲ್ಲಿ ಒಂದು ಬೇವಿನ ಗಿಡವಿತ್ತು, ಅದರ ಕೆಳಗೆ ಮಿಸ್ತ್ರಿ ಚಾಚಾ ಕೂಡುತ್ತಿದ್ದರು. ಅಂಗಡಿ ಎಂದರೆ ಒಂದು ಗೋಣಿತಟ್ಟು, ಒಂದು ತಗಡಿನ ಡಬ್ಬಿ, ನಾಲ್ಕು ಪಾನಾ, ಒಂದು ಪೇಚ್‌ಕಸ್, ಸೀಮೆಎಣ್ಣೆಯ ಬಟ್ಟಲು. ಗಾಡಿ ನೂಕಿಕೊಂಡು ಬರುವವನನ್ನು ದೂರದಿಂದಲೇ ನೋಡಿ ಕಾಯಿಲೆ ಹೇಳುತ್ತಿದ್ದರು.

“ಏನಾಗ್ಯದ್ರಿ ಮಾಸ್ತರ್?”

“ನಡೀಲಿಕ್ಕ ಒಲ್ಲೆ ಅಂತದ ಚಾಚಾ.”

“ಕಚರಾ ಬಂದದ. ಕೂಡ್ರಿ, ಚಾ ಕುಡೀರಿ.”

ಎಲ್ಲದಕ್ಕೂ ಮೊದಲ ಔಷಧ ಚಾ. ಅದು ನನ್ನ ಲೆಕ್ಕದಲ್ಲಿ. ಚಾಚಾ ಸೈಲೆನ್ಸರನ್ನು ಸಂತೆಯಲ್ಲಿ ಗಡಿಗೆ ತಟ್ಟಿ ನೋಡುವ ಹೆಣ್ಣುಮಗಳಂತೆ ಬೆರಳಿನಿಂದ ತಟ್ಟಿ, ಒಳಗೆ ಎಷ್ಟು ಮಸಿ ಕಟ್ಟಿದೆ ಎಂದು ತೂಕ ಹೇಳುತ್ತಿದ್ದರು. ಬಿಚ್ಚಿ ಬೆಂಕಿಯಲ್ಲಿ ಕಾಸಿ ಕುಟ್ಟಿದರೆ ಗಾಡಿ ಮತ್ತೆ ಹರೆಯಕ್ಕೆ ಬರುತ್ತಿತ್ತು. ಸಾಮಾನು ಬೇಕಾದರೆ ನಗರದ ಸೂಪರ್ ಮಾರ್ಕೆಟ್ ಪೇಟೆಗೆ ಹುಡುಗನನ್ನು ಓಡಿಸುವುದು. ಅಲ್ಲಿ ಸಿಗದ್ದು ಹೈದರಾಬಾದಿನಿಂದ ಬಸ್ಸಿನಲ್ಲಿ ಬರುತ್ತಿತ್ತು. “ಒರಿಜಿನಲ್ ಹಾಕ್ಲೋ, ಡೂಪ್ಲಿಕೇಟ್ ಹಾಕ್ಲೋ?” ಎಂದು ಚಾಚಾ ಕೇಳುತ್ತಿದ್ದುದು ನನ್ನ ಮುಖ ನೋಡಿ ಅಲ್ಲ, ತಾರೀಕು ನೋಡಿ. ಇಪ್ಪತ್ತನೇ ತಾರೀಕಿನ ಮೇಲೆ ಅವರು ಕೇಳುತ್ತಲೇ ಇರಲಿಲ್ಲ. ಡೂಪ್ಲಿಕೇಟ್ ಹಾಕಿ, ಉದ್ರಿ ಬರೆದುಕೊಂಡು ಕಳಿಸುತ್ತಿದ್ದರು.

ನಾನು ಕೆಲಸ ಮಾಡುತ್ತಿದ್ದ ಸಾಲಿ ಕಮಲಾಪುರದ ಹತ್ತಿರ. ದಿನಾ ಬಸ್ಸು. ಶನಿವಾರ ಮಾತ್ರ ಮುಂಜಾನೆ ಸಾಲಿ, ಬಸ್ಸಿನ ವೇಳೆ ಕೂಡುತ್ತಿರಲಿಲ್ಲವೆಂದು ಸ್ಕೂಟರ್. ಹುಮನಾಬಾದ್ ರಸ್ತೆಯಲ್ಲಿ ಒಂದು ಶನಿವಾರ ಕ್ಲಚ್ ಕೇಬಲ್ ಹರಿಯಿತು. ಬಾಳೆಹಣ್ಣು ತರಲು ಕಮಲಾಪುರಕ್ಕೆ ಖಾಲಿ ಹೊರಟಿದ್ದ ಟೆಂಪೊದವನು ನಿಲ್ಲಿಸಿ, ನನ್ನನ್ನೂ ಗಾಡಿಯನ್ನೂ ಹತ್ತಿಸಿಕೊಂಡ. ಸಾಲಿಯ ಮುಂದೆ ಟೆಂಪೊದಿಂದ ಮಾಸ್ತರ್ ಮತ್ತು ಸ್ಕೂಟರ್ ಇಳಿದದ್ದನ್ನು ಪ್ರಾರ್ಥನೆಗೆ ನಿಂತ ಇಡೀ ಸಾಲಿ ನೋಡಿತು. ಬಾಡಿಗೆ ಕೊಡಹೋದರೆ, “ಮಾಸ್ತರ್ ಕಡಿ ರೊಕ್ಕ ಹೆಂಗ್ ತಗೋಬೇಕ್ರಿ? ನಮ್ಮ ಹುಡುಗ ನಿಮ್ಮ ಸಾಲ್ಯಾಗೇ ಇದ್ದಾನ” ಎಂದ. ಋಣ ತೀರಲಿ ಎಂದು, ಹಣ್ಣು ತುಂಬಿಕೊಂಡು ಮರಳುವಾಗ ಅವನ ಹತ್ತಿರವೇ ಒಂದು ಡಜನ್ ಕೆಂಪು ಬಾಳೆ ಕೊಂಡೆ. ಕಮಲಾಪುರದ ಆ ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೆಲೆಗೂ ಆ ಮಾನ್ಯತೆಯ ಅರಿವಿದೆ. ಮನೆಯಾಕೆ ಬಾಳೆಹಣ್ಣನ್ನು ಇಟಲಿ ಕಾಲಮ್ಮಿನಲ್ಲೇ ಬರೆದಳು. ವಾದಿಸಿ ನೋಡಿದೆ. “ಕೇಬಲ್ ಹರೀದಿದ್ರ ಈ ಹಣ್ಣು ಬರ್ತಿತ್ತೇನ್ರಿ?” ಎಂದಳು. ಉತ್ತರವಿರಲಿಲ್ಲ.

ಆ ಕಾಲಮ್ಮನ್ನು ಈಗ ತೆಗೆದು ಓದಿದರೆ ಬಿಡಿಭಾಗದ ಖರ್ಚಿಗಿಂತ ಚಾ, ಭಜಿ, ಬಾಳೆಹಣ್ಣು, ನೂಕಿದ ಹುಡುಗರಿಗೆ ಕೊಟ್ಟ ಪೆಪ್ಪರಮಿಂಟು, ಇವುಗಳದೇ ಮೇಲುಗೈ. ಇಟಲಿಗೆ ಹೋಯಿತೆಂದು ನಾವು ತಿಳಿದಿದ್ದ ರೊಕ್ಕ ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಹೊಗೆಯ ನಿಯಮಗಳು ಬಿಗಿಯಾದವು, ನಾಲ್ಕು ಸ್ಟ್ರೋಕಿನ ಬೈಕುಗಳು ಬಂದವು, ಹಳೆಯ ಚೇತಕ್ ನಿಂತುಹೋಯಿತು. 2020ರಲ್ಲಿ ಅದೇ ಹೆಸರು ವಿದ್ಯುತ್ ಸ್ಕೂಟರಾಗಿ ಮರಳಿತು. ಅದನ್ನು ಯಾರೂ ವಾಲಿಸಬೇಕಿಲ್ಲ. ಹದಿನೈದು ವರ್ಷ ದಾಟಿದ ದ್ವಿಚಕ್ರ ವಾಹನದ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. ಚಾಚಾನ ಕಣ್ಣು ಮಂಜಾದವು, ಮಗ ಮೊಬೈಲ್ ಅಂಗಡಿ ಇಟ್ಟ. ನಮ್ಮ ಗಾಡಿಯನ್ನು ಬೆಂಗಳೂರಿನ ಹುಡುಗನೊಬ್ಬ ಬಂದು, ನಾನು ಕೊಂಡದ್ದಕ್ಕಿಂತ ಹೆಚ್ಚಿನ ಬೆಲೆ ಕೊಟ್ಟು ಒಯ್ದ. ಬಣ್ಣ ಬಳಿದು ಒಂದು ಕಾಫಿ ಅಂಗಡಿಯಲ್ಲಿ ಚೆಂದಕ್ಕೆ ನಿಲ್ಲಿಸಿದ್ದಾನಂತೆ. ಅಲ್ಲಿ ಅದು ಒಮ್ಮೆಯೂ ಕೆಟ್ಟಿಲ್ಲ.

ಈಚೆಗೆ ನಮ್ಮಕ್ಕನ ಮಗ ಬೆಂಗಳೂರಿನಿಂದ ನಿಜವಾದ ಇಟಲಿ ಬೈಕಿನಲ್ಲೇ ಬಂದ. ಕೆಂಪು ಬಣ್ಣದ್ದು, ಬೆಲೆ ಕೇಳಿ ಮನೆಯಾಕೆ ವಹಿಯನ್ನೇ ಒಳಗಿಟ್ಟಳು. ಅಷ್ಟು ದೂರ ಎಲ್ಲೂ ಕೆಡದೆ ಬಂದಿತ್ತು. ಆದರೆ ಪರದೆಯ ಮೇಲೆ ಒಂದು ಹಳದಿ ಗುರುತು ಮಿನುಗುತ್ತಿತ್ತು. ನಾನು ಅಭ್ಯಾಸಬಲದಿಂದ ಚಾಚಾನ ಹತ್ತಿರ ಕರೆದುಕೊಂಡು ಹೋದೆ. ಚಾಚಾ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಕಿಕ್ ಎಲ್ಲದಪಾ?”

“ಇಲ್ಲ ಚಾಚಾ, ಬಟನ್.”

“ಪ್ಲಗ್?”

“ಟ್ಯಾಂಕ್ ಬಿಚ್ಚಬೇಕು.”

“ಮತ್ತ ಈ ದೀಪ?”

“ಸರ್ವಿಸ್ ಟೈಮ್ ಬಂತು ಅಂತ ಹೇಳ್ತದ. ಲ್ಯಾಪ್‌ಟಾಪ್ ಹಚ್ಚಿದ್ರೇ ಹೋಗ್ತದ.”

ಚಾಚಾ ನಕ್ಕರು. “ಕೆಟ್ಟಿಲ್ಲ, ಖರೆ ಮೊದಲೇ ರೊಕ್ಕ ಕೇಳ್ತದ. ಭಾಳ ಶಾಣ್ಯಾ ಗಾಡಿ.”

ಹುಡುಗ ಇಟಲಿ ಬೈಕುಗಳ ಖರ್ಚಿನ ಮೂಲ ವಿವರಿಸಿದ. ಬೊಲೊನ್ಯಾದ ಡುಕಾಟಿಯವರು ಕವಾಟ ಮುಚ್ಚುವುದನ್ನು ಸ್ಪ್ರಿಂಗಿಗೆ ಬಿಡದೆ ಅದಕ್ಕೂ ಒಂದು ಕ್ಯಾಮ್ ಇಡುವ ಪದ್ಧತಿಯನ್ನು ದಶಕಗಟ್ಟಲೆ ನಡೆಸಿಕೊಂಡು ಬಂದರು. ಫ್ಯಾಬಿಯೊ ತಾಲ್ಯೊನಿ ಎಂಬ ಇಂಜಿನಿಯರ್ ಬೆಳೆಸಿದ ಪದ್ಧತಿ. ಓಟಕ್ಕೆ ಒಳ್ಳೆಯದು, ಆದರೆ ಕವಾಟದ ಸಂದು ಸರಿಮಾಡಲು ಪಳಗಿದ ಕೈ ಬೇಕು, ಗಂಟೆಗಟ್ಟಲೆ ಕೂಲಿ ಬೇಕು. ಹಲವು ಮಾದರಿಗಳಲ್ಲಿ ರಬ್ಬರ್ ಬೆಲ್ಟು ಓಡಿಸದೆ ನಿಲ್ಲಿಸಿದರೂ ಹಳೆಯದಾಗುತ್ತದೆ, ವರ್ಷ ಎಣಿಸಿ ಬದಲಿಸಬೇಕು. 2020ರಲ್ಲಿ ಅದೇ ಕಂಪನಿ ಒಂದು ಹೊಸ ವಿ4 ಇಂಜಿನ್ನಿಗೆ ಸ್ಪ್ರಿಂಗನ್ನೇ ಹಾಕಿ, ಕವಾಟ ನೋಡಲು 60,000 ಕಿಲೋಮೀಟರಿಗೊಮ್ಮೆ ಬಂದರೆ ಸಾಕೆಂದಿತು. ಅಂದರೆ ಇಟಲಿ ಗಾಡಿ ಕೆಡುತ್ತದೆ ಎಂಬ ಹಳೆಯ ಅಪವಾದ ಇಂದು ಅಷ್ಟು ನಿಜವಲ್ಲ. ಇಂದಿನ ತೊಂದರೆ ಬೇರೆ: ಅದು ಕೆಡದಿದ್ದರೂ ಸರ್ವಿಸಿಗೆಂದು ಕಲಬುರಗಿಯಿಂದ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು, ಅಲ್ಲಿ ಚಾ ಅವರೇ ಕೊಡುತ್ತಾರೆ, ಬಿಲ್ಲಿನಲ್ಲಿ ಮಾತ್ರ ಉದ್ರಿ ಇಲ್ಲ.

ಗಾಡಿ ಕೊಳ್ಳಬೇಕೆಂದಿರುವ ಓದುಗರಿಗೆ ಈ ನಿವೃತ್ತ ಮಾಸ್ತರನ ಒಂದು ಮಾತು. ಬೆಲೆ ಕೇಳಿ, ಮೈಲೇಜ್ ಕೇಳಿ, ಬಣ್ಣವನ್ನೂ ಆರಿಸಿ. ಅದಕ್ಕೂ ಮೊದಲು, ಮಿಸ್ತ್ರಿ ಎಷ್ಟು ದೂರ ಎಂದು ಕೇಳಿ. ಇಟಲಿಯದಾಗಲಿ, ಜಪಾನಿನದಾಗಲಿ, ನೂಕಿಕೊಂಡು ಮುಟ್ಟುವಷ್ಟು ದೂರದಲ್ಲಿ ಮಿಸ್ತ್ರಿ ಇದ್ದರೆ ಆ ಗಾಡಿಯನ್ನು ನಂಬಬಹುದು. ಇಲ್ಲದಿದ್ದರೆ, ಅದು ಎಷ್ಟೇ ಗಟ್ಟಿಯಿರಲಿ, ದುಬಾರಿಯೇ.